ನಡುಮನೆಗೆ ಬಂದ ಮೂಗು

ನನಗೆ ವಾಸನೆ ತಿಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ಕಾಣದವರ ಕೈಯಲ್ಲಿ ಕೋಲು ಇರುತ್ತದೆ, ಕಿವಿ ಕೇಳದವರ ಹತ್ತಿರ ಮಾತಾಡುವಾಗ ನಾವೇ ದನಿ ಎತ್ತುತ್ತೇವೆ. ಮೂಗು ಹೋದವಳಿಗೆ ಯಾವ ಗುರುತೂ ಇಲ್ಲ. ಮುಖದ ಮೇಲೆ ಮೂಗು ಮೊದಲಿನಂತೆಯೇ ಇದೆ, ಅದರ ಮೇಲೆ ಮೂಗುತಿಯೂ ಇದೆ. ಕೊರೊನಾ ಬಂದ ಕಾಲದಲ್ಲಿ ಸಾಗರದ ನಮ್ಮ ಬೀದಿಯಲ್ಲೇ ಎಷ್ಟೋ ಜನರಿಗೆ ವಾಸನೆ ಹೋಗಿತ್ತು. ವಾರದಲ್ಲೋ ತಿಂಗಳಲ್ಲೋ ಎಲ್ಲರದೂ ತಿರುಗಿ ಬಂತು, ನನ್ನದು ಬರಲಿಲ್ಲ. ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟರು ಕಾದು ನೋಡೋಣ ಎಂದರು. ಕಾದೂ ಆಯಿತು, ನೋಡಿಯೂ ಆಯಿತು.

ಬೇರೆ ಯಾರಿಗಾದರೂ ಇದು ಅಷ್ಟು ದೊಡ್ಡ ಸಂಗತಿ ಅಲ್ಲದಿರಬಹುದು. ನಾನು ಅಪ್ಪೆಮಿಡಿಯ, ಪರಿಮಳದ ಆ ಎಳೆ ಮಾವಿನ, ಉಪ್ಪಿನಕಾಯಿ ಹಾಕಿ ಮಾರುವವಳು. ಕವಲೇದುರ್ಗದ ಕೆಳಗಿನ ನನ್ನ ತವರಿನಲ್ಲಿ, ಗದ್ದೆ ಕೆಲಸ ಮುಗಿಸಿ ಬಂದ ಅಮ್ಮ ಜಗುಲಿಯಲ್ಲಿ ಕೂತು ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಇದು ಜೀರಿಗೆ ಪರಿಮಳದ್ದು, ಇದು ಕರ್ಪೂರದ್ದು ಎಂದು ಬೇರೆ ಮಾಡುವುದನ್ನು ನೋಡಿ ಕಲಿತ ವಿದ್ಯೆ ಅದು. ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ ಅದೇ ನನ್ನ ಕಸುಬಾಯಿತು. ನಮ್ಮವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಹೊಸನಗರದ ಕಡೆಯ ಹೊಳೆದಂಡೆಯ ಮಿಡಿ ಅವರ ಬಸ್ಸಿನಲ್ಲೇ ನನ್ನ ಮನೆಗೆ ಬರುತ್ತದೆ, ಉಪ್ಪಿನಕಾಯಿಯಾಗಿ ಅದೇ ಬಸ್ಸಿನಲ್ಲಿ ಮೂರೂ ಊರಿಗೆ ಹೋಗುತ್ತದೆ. ಮನೆಯ ಹಿಂಭಾಗಕ್ಕೆ ತಾರಸಿ ಹಾಕಿ ಕಟ್ಟಿಸಿದ ಅಡುಗೆಮನೆ, ಗೋಡೆಯುದ್ದಕ್ಕೂ ಜಾಡಿಗಳು. ಈ ಲೋಕದಲ್ಲಿ ನನ್ನದು ಅನ್ನುವ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಅಡುಗೆಮನೆಯನ್ನೇ ತೋರಿಸುತ್ತೇನೆ.

ಮೂಗು ಹೋದ ಮೇಲೆ ಅದರ ಕೆಲಸವನ್ನು ಅತ್ತೆ ವಹಿಸಿಕೊಂಡರು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜುಮಂಜು, ಆದರೆ ಮೂಗು ಮಾತ್ರ ಬಲು ಚುರುಕು. ಮಿಡಿ ಬಂದ ದಿನ ನಾನು ತೊಟ್ಟು ಮುರಿದು ಅವರ ಮೂಗಿಗೆ ಹಿಡಿಯುತ್ತಿದ್ದೆ, ಅವರು ಜಾತಿ ಹೇಳುತ್ತಿದ್ದರು. ಸಾಸಿವೆ ಹುರಿಯುವಾಗ ಒಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಸಾಕು ಇಳಿಸು ಎನ್ನುತ್ತಿದ್ದರು. ಅವರ ಮಾತ್ರೆಯ ಬಣ್ಣ, ಸೀರೆಯ ಅಂಚು, ಅಕ್ಕಿಯ ಕಲ್ಲು ನಾನು ನೋಡುತ್ತಿದ್ದೆ. ನಿಮ್ಮಿಬ್ಬರನ್ನೂ ಸೇರಿಸಿದರೆ ಸರಿಯಾಗಿ ಒಬ್ಬ ಹೆಂಗಸಾಗುತ್ತಾಳೆ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು. ನಾವೂ ನಗುತ್ತಿದ್ದೆವು.

ಆ ನಗು ನಿಂತದ್ದು ಒಂದು ಬೆಳಿಗ್ಗೆ. ಅತ್ತೆ ಪಕ್ಕದ ಮನೆಯವರ ಜೊತೆ ದೇವಸ್ಥಾನಕ್ಕೆ ಹೋಗಿದ್ದರು. ನಾನು ಪಾತ್ರೆ ಇಳಿಸುವ ಮಸಿಬಟ್ಟೆಯನ್ನು ಒಲೆಯ ಪಕ್ಕ ಬಿಸಾಕಿ, ಬೆನ್ನು ತಿರುಗಿಸಿ ಈಳಿಗೆಮಣೆಯ ಮೇಲೆ ಕೂತು ಬಾಳೆದಿಂಡು ಹೆಚ್ಚುತ್ತಿದ್ದೆ. ಬಟ್ಟೆಯ ತುದಿಗೆ ಉರಿ ತಾಗಿದೆ. ಅದು ಭಗ್ಗನೆ ಹತ್ತಿಕೊಂಡಿದ್ದರೆ ಬೆಳಕಾದರೂ ಕಾಣುತ್ತಿತ್ತು. ಒಳಗೊಳಗೇ ಸುಡುತ್ತಾ ಹೋಗಿ ಪಕ್ಕದ ಪ್ಲಾಸ್ಟಿಕ್ ಡಬ್ಬಿಗಳನ್ನು ಹಿಡಿದಿದೆ. ಗೇಟಿನಲ್ಲೇ ವಾಸನೆ ಹಿಡಿದ ಅತ್ತೆ ನನ್ನ ಹೆಸರು ಕೂಗುತ್ತಾ ಗೋಡೆ ತಡವಿಕೊಂಡು ಒಳಗೆ ಬಂದರು. ನಾನು ತಿರುಗಿ ನೋಡಿದಾಗ ಕಟ್ಟೆಯ ಮೇಲೆ ಬೆಂಕಿ ಮೊಳದೆತ್ತರ ಎದ್ದಿತ್ತು. ಗ್ಯಾಸ್ ಆರಿಸಿ, ಒದ್ದೆ ಗೋಣಿ ಹೊದಿಸಿ ಆರಿಸಿದೆ. ಜಾಡಿಗಳಿಗೆ ಏನೂ ಆಗಲಿಲ್ಲ, ಗೋಡೆ ಕಪ್ಪಾಯಿತು, ಅತ್ತೆಯ ಮೊಣಕಾಲು ಬಾಗಿಲಿಗೆ ಬಡಿದು ಊದಿಕೊಂಡಿತು.

ಸಂಜೆ ಬಂದು ಗೋಡೆ ನೋಡಿದ ನಮ್ಮವರು ಕೂಗಾಡಿದ್ದರೆ ನಾನೂ ಎದುರು ಕೂಗಾಡುತ್ತಿದ್ದೆ. ಅವರು ಕೂಗಲಿಲ್ಲ. ಇನ್ನು ಮೇಲೆ ಮನೆಯಲ್ಲಿ ಯಾರೂ ಇಲ್ಲದಾಗ ಒಲೆ ಹಚ್ಚುವುದು ಬೇಡ, ಉಪ್ಪಿನಕಾಯಿಯೂ ಈ ವರ್ಷಕ್ಕೆ ಸಾಕು ಎಂದರು. ಮರುದಿನದಿಂದ ಡ್ಯೂಟಿಗೆ ಹೊರಡುವ ಮೊದಲು, ಅತ್ತೆ ಮನೆಯಲ್ಲಿರುವುದಿಲ್ಲ ಎಂದು ಗೊತ್ತಾದ ದಿನ, ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಹೋಗುವುದು ಅವರ ಅಭ್ಯಾಸವಾಯಿತು. ಅದಕ್ಕೇನು ಬೀಗ ಇರಲಿಲ್ಲ, ನಾನೇ ತಿರುಗಿಸಿಕೊಳ್ಳಬಹುದಿತ್ತು. ಆದರೆ ತಿರುಗಿಸಲಿಲ್ಲ. ನನ್ನ ಅಡುಗೆಮನೆಯಲ್ಲಿ ಕದ್ದು ಅಡುಗೆ ಮಾಡುವ ಗತಿ ನನಗೆ ಬರಬಾರದು ಅನ್ನುವ ಹಟ. ಅಂಥ ದಿನ ಬೆಳಗಿನ ತಂಗಳನ್ನವನ್ನು ಮಜ್ಜಿಗೆಯಲ್ಲಿ ಕಲಸಿ ತಿನ್ನುತ್ತಾ ಸಿಟ್ಟಿನಲ್ಲಿ ಅತ್ತದ್ದೂ ಇದೆ.

ಹೀಗಿರುವಾಗ ಒಂದು ಭಾನುವಾರ ತೀರ್ಥಹಳ್ಳಿಯಿಂದ ನಾದಿನಿ ಬಂದಳು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನನಗಿಂತ ಚಿಕ್ಕವಳು, ಆದರೆ ಮಾತು ಹೆಡ್ ಮೇಷ್ಟ್ರದ್ದು. ಮನೆಯೊಳಗೆ ಬಂದವಳು ಮೊದಲು ಫ್ರಿಜ್ ತೆಗೆದು ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಅವಳಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಊಟದ ಎಲೆಗಳ ಮುಂದೆ ಎಲ್ಲರೂ ಕೂತಿರುವಾಗ ಬ್ಯಾಗಿನಿಂದ ಒಂದು ಬಿಳಿ ಡಬ್ಬಿ ತೆಗೆದಳು. ಕೋಸಂಬರಿ ಬಟ್ಟಲನ್ನು ಬೋರಲು ಹಾಕಿದಷ್ಟಿತ್ತು, ಸುತ್ತ ಸೀಳು ಸೀಳು, ನಡುವೆ ಒಂದು ಗುಂಡಿ. ಸ್ಮೋಕ್ ಅಲಾರಂ, ಹೊಗೆ ಬಂದರೆ ಕೂಗುತ್ತದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ ಮೇಲೆ ಇದೇ ನಿಮ್ ಮೂಗು ಅತ್ತಿಗೆ" ಅಂದಳು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪಾಯಸ ಬಡಿಸುವಾಗ ಅವಳ ಎಲೆಗೆ ಒಂದೇ ಒಂದು ಗೋಡಂಬಿಯೂ ಬೀಳದ ಹಾಗೆ ನೋಡಿಕೊಂಡೆ.

ಹೊಗೆ ಕಂಡರೆ ಕೂಗುವ ಯಂತ್ರ ಎಂದು ಕೇಳಿ ಅತ್ತೆಗೆ ಆಶ್ಚರ್ಯವೋ ಆಶ್ಚರ್ಯ. ಬಚ್ಚಲ ಒಲೆ, ಅಡುಗೆ ಒಲೆ, ಸೊಳ್ಳೆಗೆ ಹಾಕುವ ಹೊಗೆ, ಮಗುವಿನ ತಲೆಗೆ ಹಾಕುವ ಹೊಗೆ ಎಂದು ಹೊಗೆಯ ನಡುವೆಯೇ ಬಾಳಿದ ಜೀವ ಅದು. "ಹೊಗೆಗೆಲ್ಲ ಕೂಗದಾದ್ರೆ ನಾವು ಹುಟ್ಟಿದಾಗಿಂದ ಕೂಗ್ತಾನೇ ಇರ್ಬೇಕಿತ್ತು" ಎಂದರು.

ಅವರ ಮಾತು ಮರುದಿನವೇ ನಿಜವಾಯಿತು. ನಾದಿನಿ ಬಸ್ಸಿನ ಅವಸರದಲ್ಲಿ, ಅಡುಗೆಮನೆ ಹತ್ತಿರ ಹಾಕು ಎಂದಷ್ಟೇ ಅಣ್ಣನಿಗೆ ಹೇಳಿ ಹೋಗಿದ್ದಳು. ಹತ್ತಿರ ಎಂದರೆ ಎಷ್ಟು ಹತ್ತಿರ ಎಂದು ಇವರು ಕೇಳಲಿಲ್ಲ, ಒಲೆಯ ನೆತ್ತಿಯ ಮೇಲೇ ಹೊಡೆದು ನಿಲ್ಲಿಸಿದರು. ಒಗ್ಗರಣೆ ಚಟಪಟ ಅಂದರೆ ಕೂಗು, ಕುಕ್ಕರ್ ಸೀಟಿ ಹೊಡೆದರೆ ಕೂಗು, ಹಪ್ಪಳ ಸುಟ್ಟರಂತೂ ಬೀದಿಯವರೆಲ್ಲ ಬಾಗಿಲಿಗೆ ಬರುವ ಕೂಗು. ಅದರ ಬಾಯಿ ಮುಚ್ಚಿಸಲು ಅತ್ತೆ ಕಸ ಗುಡಿಸುವ ಹಿಡಿಕುಂಟೆಯಿಂದ ಗುರಿಯಿಟ್ಟು ಹೊಡೆಯುತ್ತಿದ್ದರು, ಕಣ್ಣು ಮಂಜಾದ್ದರಿಂದ ಏಟು ತಾರಸಿಗೆ ಬೀಳುತ್ತಿತ್ತು. ಕೊನೆಗೆ ನಮ್ಮವರು ಅದರ ಸೆಲ್ ಕಿತ್ತರು. ಒಂದು ಸೆಲ್ ಗೋಡೆ ಗಡಿಯಾರಕ್ಕೆ ಹೋಯಿತು, ಇನ್ನೊಂದು ಟೀವಿ ರಿಮೋಟಿಗೆ. ನನ್ನ ಮೂಗಿನ ಶಕ್ತಿಯಲ್ಲಿ ಅತ್ತೆಯ ಧಾರಾವಾಹಿ ನಡೆಯಿತು.

ಫೋನಿನಲ್ಲಿ ಇದನ್ನು ಕೇಳಿದ ನಾದಿನಿ ಮುಂದಿನ ರಜೆಗೇ ಬಂದಳು. ಅಣ್ಣನಿಗೆ ಮಂಗಳಾರತಿ ಮಾಡಿ, ಸ್ಟೂಲ್ ಹತ್ತಿ, ಅಲಾರಮ್ಮನ್ನು ಕಿತ್ತು ಅಡುಗೆಮನೆಗೂ ಜಗುಲಿಗೂ ನಡುವಿನ ನಡುಮನೆಗೆ ತಂದಳು. ಒಲೆಯ ಆವಿ ನೇರವಾಗಿ ತಾಗಬಾರದು, ಫ್ಯಾನಿನ ಗಾಳಿ ಹೊಗೆಯನ್ನು ಅದರಿಂದ ದೂರ ಓಡಿಸಬಾರದು, ಗೋಡೆಯ ಸಂದಿಮೂಲೆಗೆ ಹೊಗೆ ಸರಿಯಾಗಿ ಮುಟ್ಟುವುದಿಲ್ಲ, ಆದ್ದರಿಂದ ಚಾವಣಿಯ ನಡುವೆ ಇರಬೇಕು ಎಂದು ಪಾಠ ಮಾಡಿದಳು. ಒಳಗೆ ಒಂದು ಕತ್ತಲೆ ಗೂಡು ಇದೆಯಂತೆ, ಅದರಲ್ಲೊಂದು ಸಣ್ಣ ಬೆಳಕು. ಹೊಗೆ ಸೀಳುಗಳಿಂದ ಒಳಹೊಕ್ಕರೆ ಬೆಳಕು ಚೆದುರುತ್ತದೆ, ಚೆದುರಿದ್ದನ್ನು ಕಂಡ ಕೂಡಲೇ ಕೂಗುತ್ತದೆ. ಗ್ಯಾಸ್ ಸೋರಿದರೆ ಮಾತ್ರ ಇದಕ್ಕೆ ತಿಳಿಯುವುದಿಲ್ಲ ಎಂದು ಒತ್ತಿ ಒತ್ತಿ ಹೇಳಿದಳು. ಗ್ಯಾಸ್ ನೆಲಮಟ್ಟದಲ್ಲಿ ಹರಡುವುದರಿಂದ ಅದಕ್ಕೆ ಬೇರೆಯೇ ಒಂದು ಯಂತ್ರ ಬೇಕು ಎಂದು ಅದನ್ನೂ ತಂದು ಸಿಲಿಂಡರಿನ ಹತ್ತಿರ, ನೆಲದಿಂದ ಸ್ವಲ್ಪ ಮೇಲೆ ಹಾಕಿಸಿದಳು. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು, ವರ್ಷಕ್ಕೊಮ್ಮೆ ಸೆಲ್ ಬದಲಿಸಬೇಕು, ಸೆಲ್ ಚೆನ್ನಾಗಿದ್ದರೂ ಯಂತ್ರಕ್ಕೆ ಆಯುಷ್ಯ ಮುಗಿಯುತ್ತದೆ, ಅದು ಹಿಂದುಗಡೆ ಬರೆದಿರುತ್ತದೆ. ನನಗೆ ಎಲ್ಲ ಅರ್ಥವಾಯಿತು, ಆದರೂ ಅರ್ಥವಾಗದವಳಂತೆ ಮುಖ ಮಾಡಿಕೊಂಡು ನಿಂತಿದ್ದೆ. ಅವಳ ಮುಂದೆ ತಲೆ ಅಲ್ಲಾಡಿಸಲು ಮನಸ್ಸು ಬರಲಿಲ್ಲ.

ಅವಳು ಹೋದ ಮೇಲೆ ಮಾತ್ರ ಒಂದನ್ನೂ ತಪ್ಪಿಸಲಿಲ್ಲ. ತಾರೀಕು ನೆನಪಿಡುವುದು ನನ್ನಿಂದಾಗದು, ಅದಕ್ಕೆ ಕರೆಂಟಿನ ಮೀಟರ್ ಓದುವವರು ಗೇಟು ದಾಟಿದ ಕೂಡಲೇ ಸ್ಟೂಲ್ ಹತ್ತಿ ಗುಂಡಿ ಒತ್ತುವ ಪದ್ಧತಿ ಇಟ್ಟುಕೊಂಡೆ. ಮೊದಲ ಮಳೆಗೆ ರೆಕ್ಕೆಹುಳು ಏಳುವ ಹೊತ್ತಿಗೆ ಅದು ಸುಮ್ಮಸುಮ್ಮನೆ ಕೂಗತೊಡಗಿತು. ನೋಡಿದರೆ ಸೀಳಿನೊಳಗೆ ಹುಳು, ಹುಳು ತಿನ್ನಲು ಬಂದ ಜೇಡ. ಬಣ್ಣ ಮುಟ್ಟದ ಹೊಸ ಬ್ರಷ್ಷಿನಲ್ಲಿ ಸುತ್ತಲೂ ಒಣದಾಗಿ ಗುಡಿಸಿದೆ, ಸರಿಹೋಯಿತು. ಇನ್ನೊಮ್ಮೆ ನಡುಮನೆಯಲ್ಲಿ ಸ್ವಲ್ಪ ಹೊತ್ತಿಗೊಮ್ಮೆ ಟಿಕ್ ಎಂದು ಸದ್ದಾಗತೊಡಗಿತು. ಅತ್ತೆ ಹಲ್ಲಿ ಲೊಚಗುಟ್ಟಿತು ಎಂದುಕೊಂಡರು. ಪಕ್ಕದ ಮನೆಯವರ ಮಗಳ ಸಂಬಂಧ ಗಟ್ಟಿಯಾಗುತ್ತದೆ ಅನ್ನುವಾಗ ಒಮ್ಮೆ ಟಿಕ್. ಅತ್ತೆ ನೆಲ ಕುಟ್ಟಿ ಕೃಷ್ಣ ಕೃಷ್ಣ ಎಂದರು. ಬೆಲ್ಲದ ರೇಟು ಇಳಿಯುತ್ತದೆ ಅನ್ನುವಾಗಲೂ ಟಿಕ್, ಮಗ ಊಟಕ್ಕೆ ಬರುತ್ತಾನೆ ಅನ್ನುವಾಗಲೂ ಟಿಕ್. ಮನೆಯಲ್ಲಿ ಆಡಿದ ಮಾತೆಲ್ಲ ಸತ್ಯವಾಗತೊಡಗಿದಾಗ ನನಗೆ ಅನುಮಾನ ಬಂತು. ಸೆಲ್ ಸಾಯುತ್ತಿದೆ ಎಂದು ಅದು ಹೇಳುವ ರೀತಿ ಅದು. ಹೊಸ ಸೆಲ್ ಹಾಕಿದೆ. ಹಲ್ಲಿ ಹೋದದ್ದಕ್ಕೆ ಅತ್ತೆಗೆ ಸ್ವಲ್ಪ ಬೇಜಾರಾಯಿತು.

ಹೀಗೆ ನಿಧಾನಕ್ಕೆ ಅದು ಮನೆಯದಾಯಿತು. ಗುರುವಾರ ಗುರುವಾರ ದೋಸೆ ಹುಯ್ಯುವಾಗ ಮೊದಲ ದೋಸೆ ಕಾವಲಿಗೆ ಹಿಡಿದು ಸೀಯುತ್ತದೆ, ಹೊಗೆ ನಡುಮನೆಗೆ ನುಗ್ಗುತ್ತದೆ, ಅಲಾರಂ ಕೂಗುತ್ತದೆ. ಅತ್ತೆ ಬಾಗಿಲು ತೆರೆದು ಮೊರದಲ್ಲಿ ಬೀಸುತ್ತಾರೆ, ಅದು ಸುಮ್ಮನಾಗುತ್ತದೆ. ಇದೂ ದೋಸೆಯ ಒಂದು ಭಾಗ ಎಂಬಂತಾಯಿತು. ನಮ್ಮವರು ಇದನ್ನೆಲ್ಲ ನೋಡುತ್ತಿದ್ದರು. ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ, ಅತ್ತೆ ವರದಮೂಲದ ದೇವಸ್ಥಾನಕ್ಕೆ ಹೊರಟ ದಿನ, ಇವರು ಬಗ್ಗಿ ರೆಗ್ಯುಲೇಟರಿನ ಮೇಲೆ ಕೈ ಇಟ್ಟವರು ಹಾಗೆಯೇ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದರು. ಗ್ಯಾಸ್ ತೆರೆದೇ ಇತ್ತು. ನಾನು ಆ ದಿನ ಒಬ್ಬಳಿಗೇ ಅನ್ನ, ಸಾರು, ಪಲ್ಯ, ಮೇಲೆ ಒಂದು ಪಾಯಸ ಮಾಡಿಕೊಂಡು ಉಂಡೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಗೆ ನಮ್ಮ ಮನೆಯಲ್ಲಿ ಒಂದು ಕತ್ತಿಯೂ ತಪ್ಪುವುದಿಲ್ಲ. ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ಇವರ ಟಿಕೆಟ್ ಮಷಿನ್ನು, ಸ್ಕೂಟರು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟೆವು. ಅಲಾರಮ್ಮನ್ನೂ ಇಳಿಸು ಎಂದು ಅತ್ತೆ ಹಟ ಹಿಡಿದರು. ಮನೆಗಾಗಿ ದುಡಿಯುವ ಎಲ್ಲದಕ್ಕೂ ಪೂಜೆ, ಅದಕ್ಕೆ ಯಾಕಿಲ್ಲ ಎಂದರು. ಇವರು ಇಳಿಸಿಕೊಟ್ಟರು. ನಾನು ಹಿತ್ತಿಲಲ್ಲಿ ಸ್ಕೂಟರಿಗೆ ಹೂವು ಕಟ್ಟುತ್ತಿದ್ದೆ. ಒಳಗೆ ಬಂದಾಗ ಅದು ಗಂಧ, ವಿಭೂತಿ, ಕುಂಕುಮದಲ್ಲಿ ಮುಚ್ಚಿಹೋಗಿತ್ತು. ಮಿಕ್ಸಿಗೆ ಒಂದು ಬೊಟ್ಟು, ಅದಕ್ಕೆ ಮಾತ್ರ ಸುತ್ತಲೂ ಬೊಟ್ಟೋ ಬೊಟ್ಟು. ನನ್ನ ಸೊಸೆಯನ್ನು ಕಾಯುವುದು ಇದೇ ಎಂದು ಅತ್ತೆ ಅದರ ಮುಂದೆ ಕೈಮುಗಿದು ನಿಂತಿದ್ದರು. ನನಗೆ ಕಣ್ಣು ತುಂಬಿ ಬಂತು. ಮರುದಿನ ಮೇಲಿನ ಬಣ್ಣ ಒರೆಸಿ ಮತ್ತೆ ಏರಿಸಿದೆವು, ಗುಂಡಿ ಒತ್ತಿದೆ, ಚೆನ್ನಾಗಿಯೇ ಕೂಗಿತು.

ಆಮೇಲಿನ ತಿಂಗಳುಗಳಲ್ಲೂ ಗುಂಡಿ ಒತ್ತಿದಾಗಲೆಲ್ಲ ಕೂಗಿತು. ಚಳಿಗಾಲದ ಒಂದು ಗುರುವಾರ ದೋಸೆ ಹುಯ್ಯುತ್ತಿದ್ದೆ. ಮೊದಲ ದೋಸೆ ಸೀದು ಕಪ್ಪಾಯಿತು. ನಡುಮನೆಯಲ್ಲಿ ತಿಂಡಿಗೆ ಕೂತಿದ್ದ ನಮ್ಮವರು ಕೆಮ್ಮಿದರು, ಅತ್ತೆ ಮೊರ ಹಿಡಿದು ಬಂದರು. ಮನೆಯೆಲ್ಲ ಹೊಗೆ, ಅಲಾರಂ ಮಾತ್ರ ಸುಮ್ಮನಿತ್ತು. ಇವರು ಬಸ್ಸಿನ ಹೊತ್ತಾಯಿತು ಎಂದು ತಿಂದೆದ್ದು ಹೋದರು, ಅತ್ತೆ ಬೀಸಿ ಮುಗಿಸಿ ಜಗುಲಿಗೆ ಹೋದರು. ಇಬ್ಬರ ಗಮನಕ್ಕೂ ಬರಲಿಲ್ಲ. ನಾನು ದೋಸೆ ಮಗುಚುವ ಚಟ್ಟುಗ ಹಿಡಿದುಕೊಂಡು ಚಾವಣಿ ನೋಡುತ್ತಾ ನಿಂತೆ. ಹಿಂದಿನ ಗುರುವಾರವೂ ಕೂಗಿರಲಿಲ್ಲ. ಅದರ ಹಿಂದಿನದೂ ಇಲ್ಲ. ದಸರೆಯಾದ ಮೇಲೆ ಒಂದು ದೋಸೆಗೂ ಅದು ಕೂಗಿದ ನೆನಪಾಗಲಿಲ್ಲ.

ಸ್ಟೂಲ್ ಹತ್ತಿ ಗುಂಡಿ ಒತ್ತಿದೆ. ಕಿವಿ ಗುಂಯ್ ಅನ್ನುವಂತೆ ಕೂಗಿತು. ಬೇರೆ ಯಾರಾದರೂ ಆಗಿದ್ದರೆ ಸರಿಯಿದೆ ಎಂದು ಇಳಿದುಬಿಡುತ್ತಿದ್ದರೋ ಏನೋ. ನಾನು ಇಳಿಯಲಿಲ್ಲ. ಯಾಕೆಂದರೆ ಈ ಕಾಯಿಲೆ ನನಗೆ ಗೊತ್ತು. ಕರೆದರೆ ಓ ಅನ್ನುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಜನ ನನ್ನನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಗಂಟಲಿಗೆ ಏನೂ ಆಗಿಲ್ಲ, ಹೋದದ್ದು ಮೂಗು. ಗುಂಡಿ ಒತ್ತಿದರೆ ಅದರ ಗಂಟಲು ನೆಟ್ಟಗಿದೆ ಎಂದು ತಿಳಿಯುತ್ತದೆಯೇ ಹೊರತು, ಹೊಗೆ ಒಳಗೆ ಹೋಗುತ್ತಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಕಿತ್ತು ಬೆಳಕಿಗೆ ಹಿಡಿದೆ. ಮೇಲೆ ಬಿಳಿ, ಆದರೆ ಒಂದೊಂದು ಸೀಳಿನೊಳಗೂ ಗಂಧ ಒಣಗಿ ಗಟ್ಟಿಯಾಗಿ ಕೂತಿತ್ತು. ಕಣ್ಣು ಕಾಣದ ಅತ್ತೆ ಬೆರಳಿನಿಂದ ತಡವಿ ತಡವಿ, ಬೊಟ್ಟಿಡಲು ಸಿಕ್ಕಿದ ತಗ್ಗುಗಳನ್ನೆಲ್ಲ ತುಂಬಿಸಿದ್ದರು. ಕಡ್ಡಿಯಿಂದ ಕೆದಕಿದೆ, ಬ್ರಷ್ಷಿನಿಂದ ಉಜ್ಜಿದೆ. ಪುಡಿ ಇನ್ನಷ್ಟು ಒಳಗೆ ಹೋಯಿತು.

ಎಷ್ಟೋ ತಿಂಗಳು ನಾವು ಮೂಗಿಲ್ಲದ ಮನೆಯಲ್ಲಿ ನೆಮ್ಮದಿಯಾಗಿ ಇದ್ದೆವು ಅನ್ನುವುದು ಒಂದು ಹೆದರಿಕೆ. ಅದಕ್ಕಿಂತ ದೊಡ್ಡದು ಇನ್ನೊಂದು. ಇದನ್ನು ಇವರಿಗೆ ಹೇಳಿದರೆ ರೆಗ್ಯುಲೇಟರ್ ಮತ್ತೆ ಮುಚ್ಚುತ್ತದೆ, ಈ ಸಲ ಮುಚ್ಚಿದ್ದು ತೆರೆಯುವುದಿಲ್ಲ. ಮಿಡಿಯ ಕಾಲ ಹತ್ತಿರವೇ ಇತ್ತು. ಅತ್ತೆಗೆ ಹೇಳಿದರೆ ಆ ಜೀವ ಊಟ ಬಿಟ್ಟು ಕೂರುತ್ತದೆ. ಹೇಳದೆ ಹಾಗೆಯೇ ಏರಿಸಿಡಲಂತೂ ಸಾಧ್ಯವಿರಲಿಲ್ಲ. ಫೋನ್ ಮಾಡಬಹುದಾದವಳು ಒಬ್ಬಳೇ, ಅವಳ ಬಾಯಿಗೆ ನಾನಾಗಿ ಬೀಳಬೇಕಿತ್ತು. ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಾದಿನಿಗೆ ಫೋನ್ ಮಾಡಿದೆ.

ಅವಳು ಪೂರ್ತಿ ಕೇಳಿದಳು. ಬೈಯಲಿಲ್ಲ, ನಗಲೂ ಇಲ್ಲ. ಇವತ್ತು ಒಲೆಯ ಮುಂದೆ ಅಮ್ಮನನ್ನು ಕೂರಿಸಿಕೊಳ್ಳಿ, ನಾಳೆ ಬರುತ್ತೇನೆ ಎಂದು ಇಟ್ಟಳು. ಮರುದಿನ ಅಣ್ಣನ ಬಸ್ಸಿನಲ್ಲೇ, ಹೊಸ ಡಬ್ಬಿ ಹಿಡಿದು ಬಂದಳು. ದಾರಿಯುದ್ದಕ್ಕೂ ಅಣ್ಣನಿಗೆ ಎಲ್ಲ ಹೇಳಿದ್ದಳು ಎಂದು ಇಬ್ಬರ ಮುಖ ನೋಡಿಯೇ ತಿಳಿಯಿತು. ನಾನು ಸ್ಟೂಲ್ ಹಿಡಿದುಕೊಂಡೆ, ಅವಳು ಹತ್ತಿ ಕೂರಿಸಿದಳು. ಆಮೇಲೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ನನಗೆ ತಡೆಯಲಾಗಲಿಲ್ಲ. ಪುನಃ ಒಂದು ಮೂಗು ತಂದುಕೊಡುವ ಹಾಗಾಯಿತಲ್ಲ, ನಿನ್ನಣ್ಣ ಏನೆಂದರು ಎಂದು ಕೇಳಿದೆ. ನನ್ನ ದನಿಯಲ್ಲಿ ಕೊಂಕಿತ್ತು, ಅದನ್ನು ಅವಳು ಕೇಳಿಸಿಕೊಂಡಳು.

"ಅತ್ತಿಗೆ, ಬಟ್ಟೆ ಸುಟ್ ದಿನ ಅಣ್ಣ ನಂಗೆ ಫೋನ್ ಮಾಡಿದ್ದ" ಎಂದಳು. "ಇನ್ ಒಲೆ ಹತ್ರ ಬಿಡಲ್ಲ, ಜಾಡಿ ಎಲ್ಲ ಯಾರಿಗಾದ್ರೂ ಕೊಡ್ತೀನಿ ಅಂದಿದ್ದ. ಜಾಡಿ ಕೊಟ್ರೆ ಅವ್ರು ಬದುಕಿದ್ದೂ ಸತ್ತಂಗೆ, ನಾನ್ ಎಂತಾದ್ರೂ ಮಾಡ್ತೀನಿ ಸ್ವಲ್ಪ ತಡಿ ಅಂತ ಜಗಳ ಮಾಡಿದ್ದೆ. ಅದಕ್ಕೇ ತಂದಿದ್ದು."

ಆಸ್ಪತ್ರೆಯ ಚಾವಣಿಯಲ್ಲಿ ಅವಳು ದಿನಾ ನೋಡುವ ಡಬ್ಬಿ, ಅದು ಮನೆಗೂ ಸಿಗುತ್ತದೋ ಎಂದು ಕೇಳಿ, ಹುಡುಕಿ, ತರಿಸಿದ್ದಳಂತೆ. ಇಷ್ಟು ದಿನ ನಾನು ಅದನ್ನು ಕುಂಟಿಗೆ ಎಲ್ಲರೆದುರು ಕೊಟ್ಟ ಕೋಲು ಎಂದುಕೊಂಡಿದ್ದೆ. ನನ್ನ ಜಾಡಿಗಳಿಗಾಗಿ ಜಗಳವಾಡಿದವಳು ಇವಳೊಬ್ಬಳೇ, ನಾನೇ ಆಡದ ಜಗಳ ಅದು. ನನಗೆ ಅಳು ಬಂತು, ಅವಳು ಫ್ರಿಜ್ ತೆಗೆದು ಒಳಗೆ ನೋಡುತ್ತಾ ನಿಂತಳು. ಇವಳಿಗೆ ನಾನು ಎಷ್ಟು ಋಣಿ ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಸಾಕು ಬಿಡಿ, ಮೊಸರು ಹುಳಿಬಂದಿದೆ ಎಂದಳು.

ಅತ್ತೆಗೆ ಅವಳೇ ಹೇಳಿದಳು. ಅತ್ತೆ, ಕೈ ಮುಗಿದದ್ದೇ ತಪ್ಪಾಯಿತೇ ಎಂದು ಕೇಳಿದರು. ಮುಗಿದದ್ದು ತಪ್ಪಲ್ಲ, ಬೊಟ್ಟು ಮಾತ್ರ ಬೇಡ, ಇದಕ್ಕೆ ಧೂಳು ಹೊಡೆಯುವುದೇ ಪೂಜೆ ಎಂದು ನಾನು ಅಂದೆ. ಬ್ರಷ್ಷು ಎಲ್ಲಿ, ಇನ್ನು ಅದು ತನ್ನ ಕೆಲಸ ಎಂದರು ಅತ್ತೆ. ಮೊದಲು ಕಣ್ಣು ಸರಿಮಾಡಿಸಿಕೋ, ಆಮೇಲೆ ಬ್ರಷ್ಷು ಹಿಡಿ ಎಂದು ಮಗಳು ಗದರಿಸಿದಳು. ಹಾಗೆ ಅತ್ತೆಯ ಕಣ್ಣಿನ ಆಪರೇಷನ್ ನಿಶ್ಚಯವಾಯಿತು, ಅವಳ ಆಸ್ಪತ್ರೆಯಲ್ಲೇ. ಗುಣವಾಗುವ ತನಕ ತೀರ್ಥಹಳ್ಳಿಯಲ್ಲಿ ಮಗಳ ಮನೆಯಲ್ಲೇ ಇರುವುದೆಂದಾಯಿತು.

ಇವರು ತಂಗಿಯ ಹತ್ತಿರ ಏನು ಹೇಳಿದರೋ, ಅವಳು ಏನು ಹೇಳಿದಳೋ, ನನಗೆ ಇಬ್ಬರೂ ಹೇಳಲಿಲ್ಲ. ಮುಂದಿನ ಗುರುವಾರ ದೋಸೆ ಸೀದಾಗ ಹೊಸ ಅಲಾರಂ ಕೂಗಿತು, ಇವರು ತಟ್ಟೆಯಿಂದ ತಲೆಯೆತ್ತಿ ನೋಡಿದರು, ಅಷ್ಟೇ. ಆಮೇಲೆ ಮಿಡಿ ಬಂತು. ಅತ್ತೆ ತೀರ್ಥಹಳ್ಳಿಗೆ ಹೋಗುವ ಮೊದಲೇ ಮೂಸಿ ಬೇರೆ ಮಾಡಿಕೊಟ್ಟಿದ್ದರಿಂದ ಉಪ್ಪಿಗೆ ಹಾಕಿಯಾಗಿತ್ತು, ಮಿಡಿ ಮುರುಟಿಕೊಂಡು ಖಾರ ಬೆರೆಸುವ ಹದಕ್ಕೆ ಬಂದಿತ್ತು. ಅತ್ತೆಯ ಆಪರೇಷನ್ನಿಗೆಂದು ರಜೆಯಲ್ಲಿದ್ದ ಇವರು ಆ ಬೆಳಿಗ್ಗೆ ಮತ್ತೆ ಡ್ಯೂಟಿಗೆ ಹೊರಟಾಗ ನಾನು ಬೇಕೆಂದೇ ಹಿತ್ತಿಲಲ್ಲಿದ್ದೆ. ರೆಗ್ಯುಲೇಟರ್ ಮುಚ್ಚುವುದನ್ನು ನೋಡುವ ಧೈರ್ಯವಿರಲಿಲ್ಲ. ಗೇಟಿನ ಸದ್ದಾದ ಮೇಲೆ ಒಳಗೆ ಬಂದು ನೋಡಿದೆ. ತೆರೆದಿತ್ತು.

ಬಾಣಲೆಯಿಟ್ಟು ಸಾಸಿವೆ ಹಾಕಿದೆ. ಮೂಗಿನ ಬದಲು ಕಿವಿ, ಕಣ್ಣು ಎರಡನ್ನೂ ಇಟ್ಟು, ಕಾಳು ಚಿಟಿಗುಟ್ಟುವುದನ್ನು, ಬಣ್ಣ ತಿರುಗುವುದನ್ನು ನೋಡಿ ಇಳಿಸುವುದನ್ನು ಅಷ್ಟರಲ್ಲಿ ಕಲಿತಿದ್ದೆ. ಒಂದು ಬಾಣಲೆ ಚೆನ್ನಾಗಿ ಬಂತು. ಎರಡನೆಯದಕ್ಕೆ ಉರಿ ಸಣ್ಣ ಮಾಡಿದ್ದೆ, ಹೊರಗೆ ಕೊರಿಯರಿನವರು ಕರೆದರು. ಸಹಿ ಹಾಕಿ ಬರುತ್ತೇನೆ ಎಂದು ಹೋದೆ. ಅಲ್ಲಿ ಪಕ್ಕದ ಮನೆಯವರು ಅತ್ತೆಯ ಕಣ್ಣು ಹೇಗಿದೆ ಎಂದು ಕೇಳಿದರು, ನಾನು ಹೇಳುತ್ತಾ ನಿಂತೆ. ಒಳಗಿನಿಂದ ಕೂಗು ಬಂತು. ಅಷ್ಟು ಕರ್ಕಶವಾದ, ಅಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ. ಓಡಿಹೋಗಿ ಒಲೆ ಆರಿಸಿದೆ, ಬಾಣಲೆಯನ್ನು ಹಿತ್ತಿಲಿಗೆ ಇಟ್ಟೆ, ಬಾಗಿಲು ಕಿಟಕಿ ತೆರೆದು ಮೊರದಲ್ಲಿ ಬೀಸಿದೆ. ಸಾಸಿವೆ ಕರಿಯ ಮರಳಿನಂತಾಗಿತ್ತು. ಬಾಣಲೆ ಕಾವೇರಿದ್ದ ಒಲೆಯ ಪಕ್ಕದಲ್ಲೇ ಎಣ್ಣೆಯ ಕ್ಯಾನ್ ಇತ್ತು. ಅದರತ್ತ ಒಮ್ಮೆ ನೋಡಿದವಳು ಮತ್ತೆ ನೋಡಲಿಲ್ಲ.

ಕೂಗು ನಿಂತ ಮೇಲೆ ನಡುಮನೆಯ ನೆಲದ ಮೇಲೆ ಕೂತೆ. ಹೇಳದಿದ್ದರೆ ಇವರಿಗೆ ಗೊತ್ತಾಗುವಂತಿರಲಿಲ್ಲ, ಸಂಜೆಯ ಹೊತ್ತಿಗೆ ವಾಸನೆ ಹೋಗಿರುತ್ತಿತ್ತು. ಆದರೆ ಅವರು ನಂಬಿ ಬಿಟ್ಟುಹೋದ ಮನೆಯಲ್ಲಿ ನನಗೆ ಅದು ಆಗಲಿಲ್ಲ. ಬಸ್ಸು ಹೊಸನಗರದಲ್ಲಿ ನಿಲ್ಲುವ ಹೊತ್ತು ನೋಡಿ ಫೋನ್ ಮಾಡಿದೆ. ಗೇಟಿನಲ್ಲಿ ಮಾತಾಡುತ್ತಾ ನಿಂತೆ, ಸಾಸಿವೆ ಸೀದುಹೋಯಿತು, ಅಲಾರಂ ಕೂಗಿತು, ಒಲೆ ಆರಿಸಿದೆ, ಯಾರಿಗೂ ಏನೂ ಆಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಕಾದೆ. ಆ ಕಡೆಯಿಂದ ಬಸ್ ಸ್ಟ್ಯಾಂಡಿನ ಗಲಾಟೆ ಕೇಳುತ್ತಿತ್ತು. ಎದ್ದು ಅಡುಗೆಮನೆಗೆ ಹೋಗಿ ಗೋಡೆಯ ಉದ್ದಕ್ಕೂ ಇದ್ದ ಜಾಡಿಗಳನ್ನು ಒಂದೊಂದಾಗಿ ನೋಡುತ್ತಾ ನಿಂತೆ.

"ಸಾಸಿವೆ ಇನ್ನೂ ಇದ್ಯಾ ಮನೇಲಿ?" ಎಂದರು.

ಇದೆ ಎಂದೆ.

"ಹಂಗಾದ್ರೆ ಇನ್ನೊಂದ್ಸಲ ಹುರಿ" ಎಂದು ಫೋನ್ ಇಟ್ಟರು.

ನಾನು ಬಾಣಲೆ ತೊಳೆದು ತಂದು ಒಲೆ ಹಚ್ಚಿದೆ.